ಹೋದ ಸಲಕ್ಕಿಂತ ಹೇಗೆ?

ನನ್ನ ಕೆಲಸದಲ್ಲಿ ಮೂರು ಪದಗಳಿವೆ. ಸ್ಲೈಟ್, ಮಾಡೆಸ್ಟ್, ಮಾಡರೇಟ್. ವ್ಯಾಪಾರ ಸ್ಲೈಟಾಗಿ ಏರಿತು ಅಂದರೆ ಏರಿದ್ದು ಕಣ್ಣಿಗೆ ಕಾಣುವುದೇ ಕಷ್ಟ. ಮಾಡೆಸ್ಟ್ ಅಂದರೆ ಕಾಣುತ್ತದೆ, ಆದರೆ ಹೇಳಿಕೊಳ್ಳುವಷ್ಟಿಲ್ಲ. ಮಾಡರೇಟ್ ಅಂದರೆ ಹೇಳಿಕೊಳ್ಳಬಹುದು, ಕುಣಿದಾಡುವ ಹಾಗಿಲ್ಲ. ಇವುಗಳ ಮೇಲೂ ಒಂದೆರಡು ಪದಗಳಿವೆ, ಅವನ್ನು ಬಳಸುವ ಭಾಗ್ಯ ಅಪರೂಪ. ಆರೇಳು ವಾರಕ್ಕೊಮ್ಮೆ ಟೆಕ್ಸಸ್ಸಿನ ವ್ಯಾಪಾರಸ್ಥರಿಗೆಲ್ಲ ಫೋನ್ ಮಾಡಿ, ಅವರು ಹೇಳಿದ್ದನ್ನು ಕೇಳಿಸಿಕೊಂಡು, ಅವರ ಗೋಳು, ಜಂಬ, ಬೈಗುಳ ಎಲ್ಲವನ್ನೂ ಸೋಸಿ ಕೊನೆಗೆ ಈ ಮೂರರಲ್ಲಿ ಒಂದು ಪದಕ್ಕೆ ಇಳಿಸಿ ವರದಿ ಬರೆಯುವುದು ಅಮೆರಿಕದ ಕೇಂದ್ರ ಬ್ಯಾಂಕಿನಲ್ಲಿ ನಾನು ಮಾಡಿಕೊಂಡು ಬಂದಿರುವ ಕೆಲಸ. ಬಡ್ಡಿ ದರವನ್ನು ತೀರ್ಮಾನಿಸುವವರು ಅಂಕಿಅಂಶಗಳ ಜೊತೆ ಇದನ್ನೂ ಓದುತ್ತಾರೆ.

ಮನೆಯಲ್ಲಿ ನಾನೂ ನನ್ನ ಗಂಡನೂ ಈ ಮೂರಕ್ಕೂ ಕನ್ನಡ ಮಾಡಿಕೊಂಡಿದ್ದೆವು. ಕೊಂಚ, ಸಾಧಾರಣ, ಹದವಾಗಿ. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಅವರು ಊಟ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ಉಪ್ಪಿನ ಒತ್ತಡ ಸಾಧಾರಣವಾಗಿ ಏರಿದೆ" ಎಂದು ವರದಿ ಓದುವವರ ದನಿಯಲ್ಲಿ ಹೇಳುತ್ತಿದ್ದರು. ನನ್ನ ತೂಕದ ವಿಷಯದಲ್ಲಿ 'ಕೊಂಚ' ಬಿಟ್ಟು ಬೇರೆ ಪದ ಬಳಸುವ ಧೈರ್ಯ ಅವರಿಗೆ ಯಾವತ್ತೂ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ವರದಿಯಲ್ಲಿ, ಆಸ್ಟಿನ್ ಬಗ್ಗೆ ನಾನು ಒಂದು ಸಾಲು ಬರೆದೆ. ಟೆಕ್ ಕಂಪನಿಗಳಲ್ಲಿ ಉದ್ಯೋಗ ಕೊಂಚ ಇಳಿದಿದೆ ಎಂದು. ಆ ಕೊಂಚದೊಳಗೆ ನನ್ನ ಗಂಡನೂ ಇದ್ದರು. ಕೆಲಸ ಹೋಗಿ ಆಗಲೇ ಮೂರು ವಾರವಾಗಿತ್ತು. ಬರೆಯುವಾಗ ನನಗದು ಗೊತ್ತಿರಲಿಲ್ಲ. ಗೊತ್ತಾಗುವುದಕ್ಕೆ ಇನ್ನೂ ಮೂರು ತಿಂಗಳಿಗಿಂತ ಹೆಚ್ಚೇ ಬೇಕಾಯಿತು, ಅದೂ ಬೇರೆಯವರ ಬಾಯಿಂದ. ಅದು ಹೇಗಾಯಿತು ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ತಪ್ಪು ಎಲ್ಲಿ ಶುರುವಾಯಿತೆಂದು ನಾನೇ ಇನ್ನೂ ಹುಡುಕುತ್ತಿದ್ದೇನೆ.

ನಾನು ಮೈಸೂರಿನವಳು. ಬ್ಯಾಂಕಿಗೆ ಬರುವ ಮೊದಲು ಆಸ್ಟಿನ್‌ನಲ್ಲಿ ಹನ್ನೊಂದು ವರ್ಷ ಅರ್ಥಶಾಸ್ತ್ರದ ಪಾಠ ಮಾಡಿದೆ. ಮೊದಲ ವರ್ಷದ ಮಕ್ಕಳಿಗೆ ಪ್ರತಿ ಸಲ ಅದೇ ಪಾಠ: ಬೆಲೆ ಏರಿತು ಅನ್ನಬೇಡಿ, ಯಾವಾಗಿನದಕ್ಕಿಂತ ಏರಿತು ಅನ್ನಿ. ಹೋಲಿಸುವುದಕ್ಕೆ ಒಂದು ಮೂಲ ವರ್ಷ ಬೇಕು, ಅದಿಲ್ಲದಿದ್ದರೆ ನೀವು ಹೇಳುವ ಅಂಕಿಗೆ ಅರ್ಥವಿಲ್ಲ. ಮಕ್ಕಳು ಆಕಳಿಸುತ್ತಿದ್ದರು. ನನ್ನ ಗಂಡ ಚಿಪ್ ಡಿಸೈನ್ ಮಾಡುವ ಕಂಪನಿಯಲ್ಲಿದ್ದರು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ ಮನೆ, ಮನೆಯ ಮುಂದೆ ಒಂದು ಓಕ್ ಮರ, ಮನೆಯೊಳಗೆ ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಎದುರು ಮಾತಾಡುವ ಒಬ್ಬಳು ಮಗಳು. ಚೆನ್ನಾಗಿಯೇ ಇದ್ದೆವು. ಪಾಠ ಮಾಡಿ ಮಾಡಿ ನನಗೇ ಬೇಜಾರಾಗಿತ್ತು ಅಷ್ಟೇ. ಕೇಂದ್ರ ಬ್ಯಾಂಕಿನ ಹ್ಯೂಸ್ಟನ್ ಕಚೇರಿಯಲ್ಲಿ ಪ್ರಾದೇಶಿಕ ಅರ್ಥಶಾಸ್ತ್ರಜ್ಞೆಯ ಕೆಲಸ ಖಾಲಿ ಇದೆ ಅಂದಾಗ ಅರ್ಜಿ ಹಾಕಿದೆ, ಸಿಕ್ಕಿತು. ವಾರದ ದಿನಗಳಲ್ಲಿ ಹ್ಯೂಸ್ಟನ್‌ನ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು, ಶನಿವಾರ ಭಾನುವಾರ ಸೀಡರ್ ಪಾರ್ಕು. "ಹೋಗಿ ಬಾ, ಡ್ರೈವ್ ಮಾಡಕ್ಕೆ ಬೇಜಾರಾದ್ರೆ ಬಿಟ್ಟುಬಿಡು" ಅಂದಿದ್ದರು ನನ್ನ ಗಂಡ.

ಹ್ಯೂಸ್ಟನ್‌ನಲ್ಲಿ ಎಲ್ಲರೂ ಎಣ್ಣೆಯ ಮಾತಾಡುತ್ತಾರೆ. ನಮ್ಮ ಪಟ್ಟಿಯಲ್ಲಿದ್ದವರೂ ಹೆಚ್ಚಾಗಿ ಎಣ್ಣೆ ಕಂಪನಿಯವರೇ. ಸಣ್ಣ ವ್ಯಾಪಾರದವರನ್ನೂ ಸೇರಿಸಿ ಅಂದರು ನಮ್ಮ ಮೇಲಿನವರು. ನಾನು ದೊಡ್ಡ ಉತ್ಸಾಹದಲ್ಲಿ ಒಬ್ಬ ಹೆಂಗಸನ್ನು ಸೇರಿಸಿದೆ. ಹುಬ್ಬಳ್ಳಿ ಕಡೆಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಊರಿನ ನೈರುತ್ಯಕ್ಕೆ, ಕಾರಿನ ಎಣ್ಣೆ ಬದಲಿಸುವ ಒಂದು ಅಂಗಡಿಯ ಹಿಂದೆ ಎರಡು ಶೆಡ್ಡು ಹಿಡಿದು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಸಿ ಟೆಕ್ಸಸ್ಸಿನ ಇಂಡಿಯನ್ ಅಂಗಡಿಗಳಿಗೆಲ್ಲ ಕಳಿಸುತ್ತಿದ್ದರು. ನಾನು ಅವರನ್ನು ಅಕ್ಕಾ ಅನ್ನುತ್ತಿದ್ದೆ. ಅವರು ನನ್ನನ್ನು ಮೇಡಮ್ಮಾರ ಅನ್ನುತ್ತಿದ್ದರು. ಕಚೇರಿಯಲ್ಲಿ ಬೇರೆ ಯಾರಿಗೂ ಬಾರದ ಭಾಷೆಯಲ್ಲಿ ಸಮೀಕ್ಷೆ ಮಾಡುತ್ತಿದ್ದೇನೆಂದು ನನಗೆ ಒಳಗೊಳಗೇ ಹೆಮ್ಮೆ.

"ವ್ಯಾಪಾರ ಹೇಗಿದೆ ಅಕ್ಕಾ?" ಎಂದು ಕೇಳುತ್ತಿದ್ದೆ.

"ಅಡ್ಡಿಯಿಲ್ರಿ" ಅನ್ನುತ್ತಿದ್ದರು.

ಮೈಸೂರಿನ ಕಿವಿಗೆ ಅಡ್ಡಿಯಿಲ್ಲ ಅಂದರೆ ತೊಂದರೆಯಿಲ್ಲ, ಸರಾಗ. ದಾರಿಯಲ್ಲಿ ಅಡ್ಡಿ ಇಲ್ಲದಿದ್ದರೆ ಬಂಡಿ ಓಡುತ್ತದೆ ತಾನೆ? ಮಾಡರೇಟ್ ಎಂದು ಬರೆದೆ. ಮುಂದಿನ ಸಲವೂ ಅಡ್ಡಿಯಿಲ್ರಿ, ಮಾಡರೇಟ್. ಮೂರನೆಯ ಸಲವೂ ಅದೇ. ಅದಾದ ವಾರಕ್ಕೆ ಮನೆಗೆ ರೊಟ್ಟಿ ಒಯ್ಯೋಣವೆಂದು ಅವರಲ್ಲಿಗೆ ಹೋದರೆ ಎರಡನೆಯ ಶೆಡ್ಡಿಗೆ ಬೀಗ, ಬಾಗಿಲ ಮೇಲೆ ಬಾಡಿಗೆಗಿದೆ ಎಂಬ ಬೋರ್ಡು.

"ಇದೇನಕ್ಕಾ ಬೀಗ?"

"ಬಂದ್ ಮಾಡೇನ್ರಿ ಮೇಡಮ್ಮಾರ. ಎರಡು ತಿಂಗಳ ಮ್ಯಾಲಾತು."

"ಹೋದ ವಾರ ಫೋನ್ ಮಾಡ್ದಾಗ ಅಡ್ಡಿಯಿಲ್ಲ ಅಂದ್ರಲ್ಲ!"

"ಹೌದ್ರಿ. ಅಡ್ಡಿಯಿಲ್ಲ. ಇನ್ನೊಂದು ಶೆಡ್ ನಡದೈತಲ್ರಿ."

ನಾನು ಏನು ಬರೆದಿದ್ದೆನೆಂದು ಹೇಳಿದೆ. ಅವರು ಹಿಟ್ಟಿನ ಕೈಯಲ್ಲೇ ಹಣೆ ಒತ್ತಿಕೊಂಡು ನಕ್ಕರು. "ಛಲೋ ಇದ್ರ ಛಲೋ ಐತಿ ಅಂತಿದ್ನಲ್ರಿ! ಮೈಸೂರವ್ರಿಗೆ ಕನ್ನಡ ಬರಂಗಿಲ್ಲ ನೋಡ್ರಿ." ನಕ್ಕು ಮುಗಿದ ಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಹೆಂಗೈತಿ ಅಂತ ಕೇಳಿದ್ರ ಎಲ್ಲಾರೂ ಅಡ್ಡಿಯಿಲ್ಲ ಅನ್ನಾವ್ರ. ಮತ್ತೇನ್ ಅನ್ನೂದು, ಫೋನಿನ್ಯಾಗ ಅಳೂದೇನು? ಹೋದ ಸಲಕಿಂತ ಹೆಂಗೈತಿ ಅಂತ ಕೇಳ್ರಿ. ಆವಾಗ ಖರೇ ಮಾತು ಬರ್ತೈತಿ."

ಹನ್ನೊಂದು ವರ್ಷ ನಾನು ಪಾಠ ಮಾಡಿದ್ದನ್ನೇ ಅವರು ರೊಟ್ಟಿ ಕಟ್ಟುತ್ತ ನನಗೆ ತಿರುಗಿಸಿ ಹೇಳಿದರು. ನಮ್ಮ ಫಾರಂನಲ್ಲಿ ಆ ಪ್ರಶ್ನೆ ಇಲ್ಲದಿರಲಿಲ್ಲ. ಮೊದಲ ಉತ್ತರ ಸಿಕ್ಕ ಕೂಡಲೇ ಅದರ ಮುಂದಿನ ಖಾನೆಯನ್ನು ನಾವೇ ತುಂಬಿಬಿಡುತ್ತಿದ್ದೆವು. ಅವತ್ತಿನಿಂದ ನಾನು ಯಾರ ಮೊದಲ ಉತ್ತರವನ್ನೂ ಬರೆದುಕೊಳ್ಳಲಿಲ್ಲ. ಹೇಗಿದೆ ಎಂದು ಕೇಳುತ್ತಿದ್ದೆ, ಅವರು ಫೈನ್ ಅನ್ನುತ್ತಿದ್ದರು, ನಾನು ಸುಮ್ಮನೆ ಎರಡು ಉಸಿರು ಬಿಟ್ಟು, ಹೋದ ಸಲಕ್ಕಿಂತ ಹೇಗೆ ಎಂದು ಕೇಳುತ್ತಿದ್ದೆ. ಆಗ ಎಣ್ಣೆ ಕಂಪನಿಯ ದೊಡ್ಡ ಮನುಷ್ಯರೂ ನಿಟ್ಟುಸಿರು ಬಿಟ್ಟು ನಿಜ ಹೇಳಲು ಶುರುಮಾಡುತ್ತಿದ್ದರು. ಹೊಸದಾಗಿ ಸೇರಿದವರಿಗೂ ಇದನ್ನೇ ಕಲಿಸಿದೆ. ಜನ ಹೇಳದೆ ಬಿಟ್ಟದ್ದೂ ಈಕೆಗೆ ಕೇಳಿಸುತ್ತದೆ ಎಂದು ಮೇಲಿನವರು ನನ್ನ ವಾರ್ಷಿಕ ಮೌಲ್ಯಮಾಪನದಲ್ಲಿ ಬರೆದರು. ಆ ಸಾಲು ನನ್ನನ್ನು ಡಲ್ಲಾಸ್‌ನ ಮುಖ್ಯ ಕಚೇರಿಗೆ ಕರೆದುಕೊಂಡು ಹೋಯಿತು, ಅಧಿಕಾರಿಯಾಗಿ.

ಅಧಿಕಾರಿಯಾಗುವುದೆಂದರೆ ಮೊದಲ ದಿನ ಒಂದು ದಪ್ಪ ನಿಯಮಾವಳಿಗೆ ಸಹಿ ಹಾಕುವುದು. ಯಾವ ಷೇರು ಇಟ್ಟುಕೊಳ್ಳಬಾರದು, ಯಾರಿಂದ ಊಟ ತಿನ್ನಬಾರದು, ಯಾವ ದಿನ ಬಾಯಿ ಬಿಡಬಾರದು. ಬಡ್ಡಿ ದರದ ಸಭೆಗೆ ಮುಂಚಿನ ಹತ್ತು ಹನ್ನೆರಡು ದಿನ ನಮಗೆ ಮೌನದ ದಿನಗಳು, ಕ್ವಯಟ್ ಪೀರಿಯಡ್. ಆರ್ಥಿಕತೆ ಹೇಗಿದೆ, ದರ ಏನಾಗಬಹುದು ಎಂದು ಹೊರಗೆ ಯಾರೊಡನೆಯೂ ಮಾತಾಡುವಂತಿಲ್ಲ. ನಾನು ವಿಮಾನ ನಿಲ್ದಾಣಕ್ಕೆ ಹತ್ತಿರದ ಕಾಪೆಲ್‌ನಲ್ಲಿ ಒಂದು ಟೌನ್‌ಹೌಸ್ ಬಾಡಿಗೆಗೆ ಹಿಡಿದೆ. ಮಗಳು ಬೇರೆ ರಾಜ್ಯದಲ್ಲಿ ಕಾಲೇಜು ಸೇರಿದ್ದಳು. ಗಂಡ ಸೀಡರ್ ಪಾರ್ಕ್‌ನಲ್ಲೇ ಉಳಿದರು. ಈಗ ದೂರ ಹೆಚ್ಚಿದ್ದರಿಂದ ಒಂದು ವಾರ ಅವರು ಬರುವುದು, ಒಂದು ವಾರ ನಾನು ಹೋಗುವುದು, ದಿನಾ ಸಂಜೆ ಫೋನು ಎಂದು ಮಾಡಿಕೊಂಡೆವು.

ಕಾಪೆಲ್ ತುಂಬ ನಮ್ಮವರು. ನಾನು ಬ್ಯಾಂಕಿನ ಅಧಿಕಾರಿ ಎಂಬ ಸುದ್ದಿ ವಾರದೊಳಗೆ ಹಬ್ಬಿತು. ಯುಗಾದಿಗೆ ಒಂದು ಶಾಲೆಯ ಕೆಫೆಟೇರಿಯಾದಲ್ಲಿ ಕನ್ನಡಿಗರ ಊಟ. ಅದು ಮೌನದ ದಿನಗಳಲ್ಲೇ ಬಂತು. ಹೋಳಿಗೆಯ ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ಒಬ್ಬ ಅಂಕಲ್ ಮೆಲ್ಲಗೆ, "ರೇಟು ಇಳಿಯುತ್ತಾ ಮೇಡಂ?" ಅಂದರು. ಅದೇ ಹೊತ್ತಿಗೆ ಬಡಿಸುತ್ತಿದ್ದ ಆಂಟಿ ನನ್ನ ತಟ್ಟೆಗೆ ಎರಡನೆಯ ಹೋಳಿಗೆ ಹಾಕಿದರು. ನಾನು ಹೋಳಿಗೆ ನೋಡಿ ನಕ್ಕೆ. ಊಟ ಮುಗಿಯುವಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಓಡಾಡುತ್ತಿತ್ತು: ಮೇಡಂ ನಕ್ಕರು, ರೇಟು ಇಳಿಯುತ್ತೆ, ಮನೆ ಸಾಲ ಬದಲಿಸುವವರು ಸ್ವಲ್ಪ ಕಾಯಿರಿ.

ಮರುದಿನ ನಾನೇ ಹೋಗಿ ನಿಯಮಪಾಲನೆಯ ವಿಭಾಗಕ್ಕೆ ತಿಳಿಸಿದೆ. ಅಲ್ಲಿನ ಹೆಂಗಸು ಬಹಳ ಗಂಭೀರವಾಗಿ ಎಲ್ಲವನ್ನೂ ಬರೆದುಕೊಂಡರು. ಹೋಳಿಗೆ ಎಂದರೇನು, ಅದನ್ನು ನೋಡಿ ಮನುಷ್ಯರು ಯಾಕೆ ನಗುತ್ತಾರೆ ಎಂದು ಎರಡು ಸಾಲು ಬರೆದುಕೊಡಬೇಕಾಯಿತು. ಶಿಕ್ಷೆ ಏನೂ ಆಗಲಿಲ್ಲ. ಆದರೆ ಹೊಸ ಕೆಲಸ, ಐವತ್ತು ದಾಟಿದ ಮೇಲೆ ಸಿಕ್ಕ ಅಧಿಕಾರ. ಹೋಳಿಗೆಯಿಂದ ಅದು ಹೋಗುತ್ತದೆಂದರೆ ನಾಚಿಕೆಗೇಡು. ಅವತ್ತಿನಿಂದ ನಾನು ಮುಖ ಬಿಗಿದುಕೊಂಡೆ. ಮೌನದ ದಿನಗಳಲ್ಲಿ ಊಟಗಳಿಗೆ ಹೋಗುವುದನ್ನು ಬಿಟ್ಟೆ. ಯಾರಾದರೂ ಎದುರಿಗೆ ಕೆಲಸ, ಕಂಪನಿ, ಬೆಲೆ ಎಂದು ಬಾಯಿ ತೆರೆದರೆ ಕೈ ಅಡ್ಡ ಹಿಡಿಯುತ್ತಿದ್ದೆ. ಬಿಗಿದುಕೊಂಡ ಮುಖವನ್ನು ಮೌನದ ದಿನಗಳು ಮುಗಿದ ಮೇಲೆ ಸಡಿಲಿಸಬೇಕು. ನಾನು ಮರೆತೆ. ಒಂದು ವರ್ಷ ಕಳೆಯುವಷ್ಟರಲ್ಲಿ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಅದನ್ನು ನಾನು ವೃತ್ತಿಗೆ ಬಂದ ಪಕ್ವತೆ ಎಂದುಕೊಂಡಿದ್ದೆ.

ಆ ಸಂಜೆಯ ಫೋನು ಪದ ಪದವೂ ನೆನಪಿದೆ. ಬೇಸಿಗೆ, ಹೊರಗೆ ಇನ್ನೂ ಬಿಸಿಲು. ಸಭೆಗೆ ನಾಲ್ಕು ದಿನವಿತ್ತು. ನಾನು ಹುರುಳಿಕಾಯಿ ಹೆಚ್ಚುತ್ತ ಫೋನನ್ನು ಸ್ಪೀಕರಿನಲ್ಲಿಟ್ಟಿದ್ದೆ.

"ಇವತ್ತು ನಮ್ಮ ಕಂಪನೀಲಿ ಒಂದಷ್ಟು ಜನಾನ ಕರೆದು..." ಅಂದರು ನನ್ನ ಗಂಡ.

"ಅಯ್ಯೋ, ಬೇಡ ರೀ. ಈಗ ಅದೆಲ್ಲ ಹೇಳ್ಬೇಡಿ. ಮೌನದ ದಿನ. ಸಭೆ ಮುಗಿದ ಮೇಲೆ ಹೇಳಿ."

ಲೈನ್ ಕಟ್ಟಾಯಿತೇನೋ ಎಂದು ನಾನು ಹಲೋ ಅಂದೆ.

"ಸರಿ. ಪರವಾಗಿಲ್ಲ" ಅಂದರು. "ಊಟ ಆಯ್ತಾ?"

"ಇನ್ನೂ ಇಲ್ಲ, ಪಲ್ಯ ಮಾಡ್ತಿದ್ದೀನಿ."

ಅಷ್ಟೇ. ನಾಲ್ಕು ದಿನ ಕಳೆದು ಸಭೆ ಮುಗಿಯಿತು. ನಾನು ಕೇಳಲಿಲ್ಲ. ಬೇಕೆಂದು ಕೇಳದೆ ಇದ್ದದ್ದಲ್ಲ, ಅದು ನನ್ನ ತಲೆಯಲ್ಲೇ ಇರಲಿಲ್ಲ. ಮುಂದಿನ ವರದಿಯ ಕೆಲಸ ಶುರುವಾಗಿತ್ತು. ಆಸ್ಟಿನ್‌ನವರಿಗೆ, ಸುತ್ತಲಿನವರಿಗೆ, ದಿನಕ್ಕೆ ನಾಲ್ಕೈದು ಫೋನು. ನೇಮಕ ಹೇಗಿದೆ? ಫೈನ್. ಹೋದ ಸಲಕ್ಕಿಂತ ಹೇಗೆ? ಆಗ ಒಬ್ಬೊಬ್ಬರೇ ಹೇಳುತ್ತಿದ್ದರು, ಇಲ್ಲೊಂದು ತಂಡ ಹೋಯಿತು, ಅಲ್ಲೊಂದು ವಿಭಾಗ ಮುಚ್ಚಿತು. ಎಲ್ಲವನ್ನೂ ತೂಗಿ ನೋಡಿ, ಕೊಂಚ ಎಂದು ಬರೆದೆ. ಅದೇ ಸಂಜೆ ಗಂಡನಿಗೆ ಫೋನ್ ಮಾಡಿ ಹೇಗಿತ್ತು ದಿನ ಎಂದು ಕೇಳಿದೆ. ಪರವಾಗಿಲ್ಲ ಅಂದರು. ನಾನು ಮುಂದಿನ ಮಾತಿಗೆ ಹೋದೆ.

ಸುಳಿವುಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ನಾನು ಸೀಡರ್ ಪಾರ್ಕ್‌ಗೆ ಹೋದಾಗ ಮನೆಯ ಬೇಲಿಗೆ ಹೊಸ ಬಣ್ಣ. ವರ್ಷಗಟ್ಟಲೆ ಕಿರುಗುಟ್ಟುತ್ತಿದ್ದ ಬಚ್ಚಲ ಬಾಗಿಲು ಸದ್ದಿಲ್ಲದೆ ಮುಚ್ಚುತ್ತಿತ್ತು. ಮಸಾಲೆ ಡಬ್ಬಿಗಳಿಗೆಲ್ಲ ಅವರ ದುಂಡು ಅಕ್ಷರದಲ್ಲಿ ಹೆಸರು ಬರೆದ ಚೀಟಿ. ಅವರು ಕಾಪೆಲ್‌ಗೆ ಬಂದಾಗಲೆಲ್ಲ ಕಾರಿನ ಹಿಂದೆ ಖಡಕ್ ರೊಟ್ಟಿಯ ದೊಡ್ಡ ಕಟ್ಟು, ಅಂಗಿಯಿಂದ ಬೆಳ್ಳುಳ್ಳಿ, ಶೇಂಗಾ ಚಟ್ನಿಪುಡಿಯ ವಾಸನೆ. ಚಟ್ನಿಪುಡಿ ಬಹಳ ತಿನ್ನುತ್ತಿದ್ದೀರಿ, ಉರಿಯಾಗುತ್ತದೆ ಎಂದು ನಾನು ಬೈದೆ. ಸಾರಿನ ಉಪ್ಪಿನ ಬಗ್ಗೆ ಅವರು ವರದಿ ಓದುವುದನ್ನು ನಿಲ್ಲಿಸಿದ್ದರು. ಅದನ್ನು ಗಮನಿಸಿದೆ, ವಯಸ್ಸಾಯಿತಲ್ಲ ಎಂದುಕೊಂಡೆ. ರಾಜ್ಯದ ಅರ್ಧಕ್ಕರ್ಧ ವ್ಯಾಪಾರಸ್ಥರ ನಿಟ್ಟುಸಿರನ್ನು ಅಳೆಯುವವಳು ನಾನು.

ಅಕ್ಕ ನನ್ನ ಪಟ್ಟಿಯಲ್ಲಿ ಹಾಗೇ ಇದ್ದರು. ಇಷ್ಟು ವರ್ಷದಲ್ಲಿ ಮೇಡಮ್ಮಾರ ಹೋಗಿ ತಂಗಿ ಆಗಿತ್ತು. ಮನೆಗೆ ರೊಟ್ಟಿ ಬೇಕಾದಾಗ ನನ್ನ ಗಂಡನೂ ಅವರಿಗೇ ಫೋನ್ ಮಾಡುತ್ತಿದ್ದರು. ಅಕ್ಟೋಬರ್ ಕೊನೆಯ ಒಂದು ಗುರುವಾರ, ಬೆಳಿಗ್ಗೆ ಹತ್ತಕ್ಕೆ, ಫಾರಂ ಮುಂದಿಟ್ಟುಕೊಂಡು ಅವರಿಗೆ ಫೋನ್ ಮಾಡಿದೆ. ಮಾರಾಟ, ಸಾಮಾನಿನ ಬೆಲೆ ಎಲ್ಲ ಆಯಿತು. ಮುಂದಿನದು ಕೆಲಸಗಾರರ ಪ್ರಶ್ನೆ.

"ಕೆಲಸಕ್ಕೆ ಜನ ಸಿಗ್ತಿದ್ದಾರಾ ಅಕ್ಕಾ?"

"ಅಡ್ಡಿಯಿಲ್ಲ ತಂಗಿ" ಅಂದು ತಾವೇ ನಕ್ಕರು. "ಕೇಳ್, ಕೇಳ್. ಹೋದ ಸಲಕಿಂತ ಹೆಂಗ ಅಂತ ಕೇಳ್."

"ಹೋದ ಸಲಕ್ಕಿಂತ ಹೇಗೆ?"

"ಭಾಳ ಛಲೋ. ಆಸ್ಟಿನ್ ಕಡೆ ಮಾಲು ಹಂಚಾಕ ನಿಮ್ಮ ಮನಿಯವ್ರು ವ್ಯಾನ್ ಹಿಡದ ಮ್ಯಾಲ ನಂದೊಂದು ಚಿಂತಿ ಹೋತು ನೋಡವಾ. ಕೆಲಸ ಹೋದ ಮನಶ್ಯಾ ಸುಮ್ನ ಕುಂಡ್ರಬಾರ್ದು ಅಂತ ನಾನೂ ಅಂದ್ನಿ. ಒಂದು ದಿನಾ ತಪ್ಪಿಸಿಲ್ಲ ಅವ್ರು."

ನನಗೆ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ಗೊತ್ತಿಲ್ಲದೆ ಇರುತ್ತದೆ ಎಂದು ಯಾರು ತಾನೆ ಅಂದುಕೊಳ್ಳುತ್ತಾರೆ? ನಾನು ಹ್ಞೂಂ ಅಂದೆ. ಫಾರಂನಲ್ಲಿ, ಕೆಲಸಗಾರರು ಸಿಗುವುದು ಸಾಧಾರಣವಾಗಿ ಸುಲಭವಾಗಿದೆ, ಎಂದು ಟೈಪ್ ಮಾಡಿದೆ. ಇನ್ನೂ ನಾಲ್ಕು ಪ್ರಶ್ನೆ ಉಳಿದಿದ್ದವು, ನಾಲ್ಕನ್ನೂ ಕೇಳಿದೆ. ಥ್ಯಾಂಕ್ಸ್ ಅಕ್ಕಾ ಎಂದು ಫೋನ್ ಇಟ್ಟೆ. ಕಿಟಕಿಯಾಚೆ ಒಂದು ಕ್ರೇನು ಕಬ್ಬಿಣದ ತೊಲೆಯನ್ನು ಎತ್ತಿಕೊಂಡು ನಿಧಾನಕ್ಕೆ ತಿರುಗುತ್ತಿತ್ತು. ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಹಲ್ಲು ಕೀಳುವ ಮುಂಚೆ ಒಸಡಿಗೆ ಕೊಡುವ ಇಂಜೆಕ್ಷನ್ನನ್ನು ಮೈಗೆಲ್ಲ ಕೊಟ್ಟ ಹಾಗಿತ್ತು. ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ. ಹನ್ನೊಂದಕ್ಕೆ ಇನ್ನೊಂದು ಫೋನಿತ್ತು, ಅದನ್ನೂ ಮಾಡಿದೆ.

ಮಧ್ಯಾಹ್ನ ಮಗಳಿಗೆ ಫೋನ್ ಮಾಡಿದೆ. "ಅಪ್ಪನ ಕೆಲಸ ಹೋಗಿದ್ದು ನಿಂಗೆ ಗೊತ್ತಿತ್ತಾ?"

"ಯಾ" ಅಂದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಅಮ್ಮಾ, ಯು ವರ್ ಇನ್ ಯುವರ್ ಕ್ವಯಟ್ ಪೀರಿಯಡ್."

"ಅದು ಹತ್ತು ದಿನ ಕಣೇ!"

"ಇಟ್ ಡಿಡಂಟ್ ಫೀಲ್ ಲೈಕ್ ಟೆನ್ ಡೇಸ್."

ಓದು ಹೇಗೆ ನಡೆಯುತ್ತಿದೆ ಎಂದು ಕೇಳಿ ಫೋನ್ ಇಟ್ಟೆ.

ಸಮೀಕ್ಷೆಯಲ್ಲಿರುವ ವ್ಯಾಪಾರದಲ್ಲಿ ಅಧಿಕಾರಿಯ ಮನೆಯವರು ಕೆಲಸ ಮಾಡುತ್ತಿದ್ದರೆ ತಿಳಿಸಬೇಕು, ಅದೂ ನಿಯಮ. ಶುಕ್ರವಾರ ಬೆಳಿಗ್ಗೆ ಮತ್ತೆ ನಿಯಮಪಾಲನೆಯ ವಿಭಾಗಕ್ಕೆ ಹೋದೆ. ಹೋಳಿಗೆಯ ಕಡತ ತೆರೆದಿದ್ದ ಅದೇ ಹೆಂಗಸು. ಯಾವಾಗಿನಿಂದ ಕೆಲಸ ಮಾಡುತ್ತಿದ್ದಾರೆ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಯಾವಾಗ ಗೊತ್ತಾಯಿತು ಅಂದರು. ನಿನ್ನೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ನಾನು ಹುರುಳಿಕಾಯಿಯ ಸಂಜೆಯನ್ನು ಹೇಳಿದೆ, ಮೌನದ ದಿನವಾದ್ದರಿಂದ ತಡೆದೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೀವು ಹೊರಗೆ ಮಾತಾಡಬಾರದು ಅಂತ ನಿಯಮ ಇರೋದು, ನಿಮ್ಮ ಗಂಡ ಹೇಳೋದನ್ನ ಕೇಳಬಾರದು ಅಂತ ಯಾರು ಹೇಳಿದರು ನಿಮಗೆ, ಎಂದು ಇಂಗ್ಲಿಷಿನಲ್ಲಿ ಕೇಳಿದರು. ಯಾರೂ ಹೇಳಿರಲಿಲ್ಲ. ನಾನು ಸಹಿ ಮಾಡಿದ ದಪ್ಪ ಪುಸ್ತಕದಲ್ಲಿ ಹಾಗೊಂದು ಸಾಲು ಎಲ್ಲೂ ಇರಲಿಲ್ಲ. ಅಕ್ಕನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಫಾರಂ ತುಂಬಿ ಕೊಟ್ಟು ಬಂದೆ.

ಶನಿವಾರ ಬೆಳಿಗ್ಗೆ ಆರಕ್ಕೇ ಹೊರಟೆ. ಆ ವಾರ ಅವರು ಬರುವ ಸರದಿಯಾಗಿತ್ತು, ಬರುವುದಕ್ಕಾಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಕೇಳಿದ್ದರೆ ಕಾರಣ ಹೇಳುತ್ತಿದ್ದರೇನೋ. ವೇಕೋ ಹತ್ತಿರ ರಸ್ತೆ ಕೆಲಸ, ಅರ್ಧ ಗಂಟೆ ನಿಂತೆ. ಸೀಡರ್ ಪಾರ್ಕ್ ತಲುಪಿದಾಗ ಹತ್ತು ಗಂಟೆ. ಗ್ಯಾರೇಜ್ ಬಾಗಿಲು ತೆರೆದಿತ್ತು. ಓಕ್ ಮರದ ಕೆಳಗೆ ಒಂದು ಬಿಳಿ ವ್ಯಾನು. ನನ್ನ ಗಂಡ ರೊಟ್ಟಿಯ ಡಬ್ಬಗಳನ್ನು ಎಣಿಸಿ ಒಳಗಿಡುತ್ತಿದ್ದರು, ತಲೆಗೆ ಮಗಳ ಶಾಲೆಯ ಹಳೆಯ ಟೋಪಿ. ನನ್ನನ್ನು ನೋಡಿ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು.

"ಗೊತ್ತಾಯ್ತಾ?" ಅಂದರು.

"ಹ್ಞೂಂ."

"ಪ್ಲೂಗರ್‌ವಿಲ್ಲಿಗೆ ಹನ್ನೊಂದಕ್ಕೆ ಕೊಡ್ಬೇಕು. ಬಂದು ಮಾತಾಡೋಣ."

"ನಾನೂ ಬರ್ತೀನಿ" ಅಂದೆ.

ವ್ಯಾನಿನ ಮುಂದಿನ ಸೀಟಿನಲ್ಲಿ ಚಟ್ನಿಪುಡಿಯ ಒಂದು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಿಂದೆ ಜಾಗವಿರಲಿಲ್ಲ. ಹೆದ್ದಾರಿ ಸೇರಿದೆವು. ಆಮೇಲೆ ನಾನೇ, "ಯಾಕೆ ಹೇಳ್ಲಿಲ್ಲ ರೀ?" ಅಂದೆ.

"ಹೇಳಕ್ಕೆ ಬಂದೆ. ನೀನು ಸಭೆ ಮುಗೀಲಿ ಅಂದೆ. ಸರಿ, ಮುಗೀಲಿ ಅಂತ ಕಾದೆ. ಮುಗೀತು. ಆಮೇಲೆ ನೀನು ಕೇಳ್ತೀಯ ಅಂತ ಕಾದೆ. ಆಮೇಲೆ ಕಾಯೋದೇ ಅಭ್ಯಾಸ ಆಗೋಯ್ತು." ಅವರ ದನಿಯಲ್ಲಿ ದೂರು ಇರಲಿಲ್ಲ. ಸಿಗ್ನಲ್ಲಿನಲ್ಲಿ ನಿಲ್ಲಿಸಿ, "ನಿನ್ನ ವರದೀನೂ ಓದ್ದೆ" ಅಂದರು. "ಆಸ್ಟಿನ್ ಸಾಲು ಹುಡುಕ್ದೆ. ಸ್ಲೈಟ್ ಅಂತ ಇತ್ತು."

ನಾನು ಸಿಗ್ನಲ್ಲಿನ ಕೆಂಪು ದೀಪ ನೋಡುತ್ತಿದ್ದೆ.

"ಸರಿಯಾಗೇ ಬರ್ದಿದ್ದೀಯ. ಇಷ್ಟು ದೊಡ್ಡ ಊರು. ಇದರಲ್ಲಿ ನಾವು ಕೊಂಚಾನೇ ತಾನೆ."

ಚುಚ್ಚುವುದಕ್ಕೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೂ ನನ್ನ ಪದ ಸರಿಯಿದೆಯೇ ಎಂದು ತೂಗಿ ನೋಡಿ, ಸರಿಯಿದೆ ಎಂದು ಹೇಳುತ್ತಿದ್ದರು. ಮದುವೆಯಾದಾಗಿನಿಂದ ಅವರು ನನ್ನ ಕೆಲಸವನ್ನು ಹಾಗೇ ನೋಡಿದ್ದರು, ನನಗಿಂತ ಹೆಚ್ಚು ಮರ್ಯಾದೆಯಿಂದ. ಇಂಜೆಕ್ಷನ್ ಇಳಿಯುವಾಗ ತುಟಿಯ ಒಂದು ಮೂಲೆಯಲ್ಲಿ ಮೊದಲು ಜುಮ್ಮೆನ್ನುತ್ತದಲ್ಲ, ಹಾಗೆ ಎಲ್ಲೋ ಒಂದು ಕಡೆ ನನಗೆ ನೋಯತೊಡಗಿತು. ನನ್ನ ಮೇಲೆ ನನಗೆ ಅಸಹ್ಯವಾಯಿತು. ಡಬ್ಬದ ಮುಚ್ಚಳವನ್ನು ಬಿಗಿಯಾಗಿ ಹಿಡಿದುಕೊಂಡು ರಸ್ತೆ ನೋಡುತ್ತ ಕೂತೆ.

ಪ್ಲೂಗರ್‌ವಿಲ್ಲಿನ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿದರು. ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು. ಅಂಗಡಿಯವನು ಒಳ್ಳೆಯವನು, ಹನ್ನೊಂದಕ್ಕೆ ಮುಂಚೆ ಬಾಗಿಲು ತೆಗೆಯುವುದಿಲ್ಲ ಅಷ್ಟೇ, ಅಂದರು. ಎಂಜಿನ್ ಆರಿಸಿ ಟೋಪಿ ತೆಗೆದರು. ಕೂದಲು ತೀರಾ ತೆಳ್ಳಗಾಗಿತ್ತು.

"ಹೇಗಿದ್ದೀರ?" ಅಂದೆ.

"ಪರವಾಗಿಲ್ಲ" ಅಂದರು.

ಇಷ್ಟು ವರ್ಷ ಕಂಡವರನ್ನೆಲ್ಲ ಕೇಳಿದ ಪ್ರಶ್ನೆ. ಬಾಯಿಗೆ ಬರುವುದಕ್ಕೆ ಕಷ್ಟವಾಯಿತು. ಎರಡು ಉಸಿರು ಬಿಟ್ಟೆ.

"ಹೋದ ಸಲಕ್ಕಿಂತ?"

ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು. ನನ್ನ ಕೆಲಸದ ವಿಷಯದಲ್ಲಿ ಅವರು ಯಾವತ್ತೂ ಬಾಯಿಗೆ ಬಂದ ಉತ್ತರ ಕೊಟ್ಟವರಲ್ಲ.

"ಹೋದ ಸಲ ನೀನು ಯಾವಾಗ ಕೇಳಿದ್ದೆ?" ಅಂದರು.

ನಾನು ಹಿಂದಕ್ಕೆ ಹೋಗಿ ಹುಡುಕಿದೆ. ಹುರುಳಿಕಾಯಿಯ ಸಂಜೆ, ಕಾಪೆಲ್, ಹ್ಯೂಸ್ಟನ್, ಶನಿವಾರ ಭಾನುವಾರಗಳು, ಸಾರಿನ ಉಪ್ಪು. ದಿನಾ ಹೇಗಿತ್ತು ಎಂದು ಕೇಳಿದ್ದೆ. ಉತ್ತರಕ್ಕೆ ಕಾದ ಒಂದು ದಿನವೂ ಕೈಗೆ ಸಿಗಲಿಲ್ಲ.

"ನೆನಪಿಲ್ಲ ರೀ" ಅಂದೆ. "ಇವತ್ತು ಕೇಳ್ತಾ ಇದ್ದೀನಿ."

ಅಂಗಡಿಯವನು ಒಳಗಿಂದ ಬಾಗಿಲಿನ ಬೋರ್ಡು ತಿರುಗಿಸಿದ. ನನ್ನ ಗಂಡ ಇಳಿಯಲಿಲ್ಲ.

"ಚೆನ್ನಾಗಿಲ್ಲ ಕಣೇ" ಅಂದರು.

ನಾನು ಅದಕ್ಕೆ ಪದ ಹುಡುಕಲಿಲ್ಲ. ಡಬ್ಬವನ್ನು ಕಾಲಬಳಿ ಇಟ್ಟು ಅವರ ಕಡೆ ತಿರುಗಿ ಕೂತೆ. ಅವರು ಹೇಳತೊಡಗಿದರು. ಆ ದಿನ ರೊಟ್ಟಿಯ ಡಬ್ಬಗಳು ಅಂಗಡಿಯೊಳಗೆ ಹೋದಾಗ ಹನ್ನೆರಡೂವರೆ ದಾಟಿತ್ತು.